ಗಲಾಟೆ ತೆಗೆಯುವ ಕೆಲಸ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಹೇಳುವುದು ನನ್ನ ಕಸುಬಲ್ಲ. ವಿಜ್ಞಾನ ಹೇಳುವುದಂತೂ ಅಲ್ಲವೇ ಅಲ್ಲ. ಅದಕ್ಕೆ ಹಗಲು ಕಾಲೇಜಿನಲ್ಲಿ ಓದಿದವರಿದ್ದಾರೆ. ನಾನು ಓದಿದ್ದು ಸಂಜೆ ತರಗತಿಯಲ್ಲಿ, ಅದೂ ಮದುವೆಯಾದ ಮೇಲೆ, ಅರ್ಧ ತೂಕಡಿಕೆಯಲ್ಲಿ. ಇದನ್ನು ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದ್ದೇನೆ. ಒಂದು ಸಲ ಹೆಚ್ಚು ಹೇಳಿಬಿಟ್ಟೆ ಅನ್ನಿಸಿತು, ಮೂರು ಸಲ ನನ್ನ ತಪ್ಪನ್ನೇ ಬಚ್ಚಿಟ್ಟೆ ಅನ್ನಿಸಿತು. ಆದರೂ ಹೇಳಲೇಬೇಕು. ಕಡತದಲ್ಲಿ ಒಂದೇ ಹಾಳೆ ಇದೆ, ಅದರ ಕೆಳಗೆ ನನ್ನ ರುಜು ಇದೆ, ಆ ರುಜು ಹೇಗೆ ಬಂತು ಎಂಬುದನ್ನು ಹಾಳೆ ಹೇಳುವುದಿಲ್ಲ.

ನಾನು ನಡಿಗೆ ಅಳೆಯುವ ಪ್ರಯೋಗಾಲಯದಲ್ಲಿ ಸಹಾಯಕಿ. ಹಿಂದೆ ಅದು ಬಡಗಿ ಕೆಲಸ ಕಲಿಸುವ ಉದ್ದನೆಯ ಹಾಲ್ ಆಗಿತ್ತು. ಕಿಟಕಿ ಮುಚ್ಚಿದ ದಿನ ಈಗಲೂ ಮರದ ಪುಡಿಯ ವಾಸನೆ ಬರುತ್ತದೆ. ನಡುವೆ ಹದಿನಾಲ್ಕು ಹೆಜ್ಜೆಯ ರಬ್ಬರ್ ಹಾದಿ. ಹಾದಿಯ ಮಧ್ಯದಲ್ಲಿ ನೆಲಕ್ಕೆ ಸಮನಾಗಿ ಕೂರಿಸಿದ ಉಕ್ಕಿನ ಹಲಗೆ. ಅದರ ಮೇಲೆ ಕಾಲಿಟ್ಟರೆ ಎಷ್ಟು ಜೋರಾಗಿ ಇಟ್ಟಿರಿ ಎಂದು ಅದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಸುತ್ತ ಎಂಟು ಕ್ಯಾಮೆರಾ. ಈ ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಮೈಗೆ ಅಂಟಿಸಿದ ಹೊಳೆಯುವ ಮಣಿಗಳು ಮಾತ್ರ ಕಾಣುತ್ತವೆ. ಆ ಮಣಿಗಳನ್ನು ಅಂಟಿಸುವವಳು ನಾನು. ಕಾಲಿನ ಗಂಟು, ಮಂಡಿಯ ಎರಡು ಬದಿ, ಸೊಂಟದ ಮೂಳೆ, ಇವೆಲ್ಲ ಬೆರಳಿಗೆ ಸಿಗುವ ಜಾಗಗಳು. ತೊಡೆಯದೇ ತಕರಾರು. ಅಲ್ಲಿ ಮೂಳೆ ಆಳದಲ್ಲಿದೆ. ಮಣಿ ಕೂರುವುದು ಮಾಂಸದ ಮೇಲೆ. ಹಿಮ್ಮಡಿ ನೆಲಕ್ಕೆ ತಾಗಿದಾಗ ಮಾಂಸ ಅಲುಗುತ್ತದೆ, ಮಣಿಯೂ ಅಲುಗುತ್ತದೆ, ಪರದೆಯ ಮೇಲಿನ ಗೆರೆ ಗಡಗಡ ನಡುಗುತ್ತದೆ.

ಆ ನಡುಕಕ್ಕೆ ನಮ್ಮಲ್ಲಿ ‘ಗಲಾಟೆ’ ಎಂದು ಹೆಸರು. ಅದನ್ನು ಸೋಸಿ ಹಾಕುವ ಜರಡಿ ಕಂಪ್ಯೂಟರಿನಲ್ಲೇ ಇದೆ, ಒಂದು ಗುಂಡಿ ಒತ್ತಿದರೆ ಗೆರೆ ನುಣುಪಾಗುತ್ತದೆ. ನಮ್ಮ ಮುಖ್ಯಸ್ಥರು ಎಲ್ಲ ಸಂಖ್ಯೆಯನ್ನೂ ಮೂರು ದಶಾಂಶದವರೆಗೆ ಕೇಳುವವರು. ಅದಕ್ಕೇ ಹಿಂದಿನಿಂದ ಎಲ್ಲರೂ ಅವರನ್ನು ದಶಾಂಶ ಸರ್ ಎನ್ನುತ್ತಾರೆ. ಕೋಣೆಗೆ ಬಂದು ಅವರು ಕೇಳುವ ಮೊದಲ ಮಾತು, ‘ಗಲಾಟೆ ತೆಗೆದ್ರಾ?’ ನನ್ನ ಅತ್ತೆಗೆ ಇದನ್ನು ವಿವರಿಸಿದ್ದೆ. ಅವರು ಬಹಳ ಹೊತ್ತು ಯೋಚಿಸಿ, ಕಂಡವರ ತೊಡೆ ನೋಡುವ ಕೆಲಸಕ್ಕೂ ಪರೀಕ್ಷೆ ಬರೀಬೇಕಾಯ್ತಾ ಎಂದು ಕೇಳಿದರು.

ಐದು ವರ್ಷದ ಹಿಂದೆ ನನಗೊಂದು ಉಪಾಯ ಹೊಳೆಯಿತು. ನನ್ನ ಗಂಡ ದರ್ಜಿ. ನಾಲ್ಕು ಬೆರಳಗಲದ ಎಲಾಸ್ಟಿಕ್ ಪಟ್ಟಿಗಳನ್ನು ಒಂದರ ಪಕ್ಕ ಒಂದು ಹೊಲಿಸಿ, ತೊಡೆಗೆ ಬಿಗಿಯಾಗಿ ಸುತ್ತಿ, ಮಣಿಗಳನ್ನು ಅದರ ಮೇಲೆ ಅಂಟಿಸಿದೆ. ಗೆರೆ ಹುಟ್ಟುವಾಗಲೇ ನುಣುಪು. ದಶಾಂಶ ಸರ್ ಪರದೆ ನೋಡಿದರು, ನನ್ನನ್ನು ನೋಡಿದರು, ಇದು ಬಹಳ ಚೆನ್ನಾಗಿದೆಯಮ್ಮಾ ಎಂದರು. ತಮ್ಮ ಲೇಖನವೊಂದರಲ್ಲಿ ಪಟ್ಟಿಯ ಚಿತ್ರವನ್ನೂ ಹಾಕಿಸಿದರು. ಆ ಪುಟವನ್ನು ನಾನು ಮನೆಯಲ್ಲಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೆ. ನನ್ನ ಬದುಕಿನಲ್ಲಿ ಯಾರಾದರೂ ನನ್ನ ತಲೆಯನ್ನು ಹೊಗಳಿದ್ದು ಅದೊಂದೇ ಸಲ. ಇದನ್ನು ಹೇಳುವಾಗ ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಈಗ ಪಾರ್ಸಲಮ್ಮನ ವಿಷಯ. ಮನೆಮನೆಗೆ ಪೊಟ್ಟಣ ಹಂಚುವ ಒಂದು ಕಂಪನಿ ತನ್ನ ಕೆಲಸಗಾರರನ್ನು ನಮ್ಮಲ್ಲಿಗೆ ಕಳಿಸುತ್ತದೆ. ಐವತ್ತು ದಾಟಿದವರು ವರ್ಷಕ್ಕೊಮ್ಮೆ, ಬಿದ್ದು ಎದ್ದವರು ಆಗಲೇ. ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ನಾವು ಲೆಕ್ಕ ಹಾಕಿ ಕೊಡಬೇಕು. ಅದು ಅವರವರ ದೇಹತೂಕದ ನಾಲ್ಕು ಪಟ್ಟು ದಾಟಿದರೆ ಕಂಪನಿ ಅವರನ್ನು ಬೀದಿ ಕೆಲಸದಿಂದ ತೆಗೆಯುತ್ತದೆ. ಕುಳಿತು ಮಾಡುವ ಕೆಲಸ ಆ ಕಂಪನಿಯಲ್ಲಿ ಹತ್ತಿಪ್ಪತ್ತು ಜನರಿಗಷ್ಟೇ ಇರುವುದರಿಂದ, ತೆಗೆಯುವುದೆಂದರೆ ತೆಗೆಯುವುದೇ.

ಆಕೆಗೆ ಐವತ್ತೊಂದು ವರ್ಷ, ತೊಂಬತ್ತಾರು ಕಿಲೋ. ಹಂಚುವ ಬೀದಿಗಳಲ್ಲೆಲ್ಲ ಪಾರ್ಸಲಮ್ಮ ಎಂದೇ ಹೆಸರು. ನಿಜವಾದ ಹೆಸರು ಫಾರಂ ತುಂಬಿಸುವಾಗ ತಮಗೇ ತಡವಾಗಿ ನೆನಪಾಯಿತು ಎಂದು ನಕ್ಕರು. ಆರು ತಿಂಗಳ ಹಿಂದೆ ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ವೈದ್ಯರು ವಾಸಿಯಾಗಿದೆ ಎಂದು ಬರೆದುಕೊಟ್ಟಿದ್ದರು. ಕೆಲಸಕ್ಕೆ ಆಗಲೇ ಮರಳಿದ್ದರು; ಅದರಲ್ಲಿ ಉಳಿಯಲು ಬೇಕಾದ ಕೊನೆಯ ಹಾಳೆ ನಮ್ಮದು. ತೂಕದ ಯಂತ್ರ ಹತ್ತಿದಾಗ ಮುಳ್ಳು ಒಂದೇ ಏಟಿಗೆ ಓಡಿತು. ‘ಹೆದರಬೇಡಿ, ನಂಗೆ ಇದು ಹಳೇದು, ಯಂತ್ರಕ್ಕೆ ಹೊಸದು ಅಷ್ಟೆ’ ಎಂದು ನನಗೇ ಸಮಾಧಾನ ಹೇಳಿದರು.

ಪಟ್ಟಿ ಕಟ್ಟಿದೆ. ಅವರ ತೊಡೆಗೆ ಅದು ಸಾಲದೆ ಕೊನೆಯ ಕೊಕ್ಕೆಗೆ ಎಳೆದು ಸಿಕ್ಕಿಸಿದೆ. ಮೂರು ಸಲ ನಡೆದರು. ನಾಲ್ಕನೆಯ ಸಲಕ್ಕೆ ಹಲಗೆಯ ಮೇಲೆಯೇ ನಿಂತುಬಿಟ್ಟರು.

‘ಮೇಡಂ, ಇದು ನನ್ನ ಹೆಜ್ಜೆ ಅಲ್ಲ.’

ಅಂದರೆ ಏನು ಎಂದು ಕೇಳಿದೆ.

‘ನಾನು ಮೆಟ್ಟಿಲು ಹತ್ತಿದ್ರೆ ಮಲಗಿದ್ದ ಬೆಕ್ಕು ಏಳಲ್ಲ. ಇದನ್ನ ಕಟ್ಕೊಂಡ್ರೆ ಠಪ್ ಠಪ್ ಅಂತಿದೆ. ಕೇಳಿಸ್ತಿಲ್ವಾ ನಿಮಗೆ?’

ಕೇಳಿಸಿತ್ತು. ಇಲ್ಲಿ ನಾನು ಸುಳ್ಳು ಹೇಳಬಾರದು. ಹಲಗೆಯ ಸದ್ದು ನನ್ನ ಕಿವಿಗೂ ಬಿದ್ದಿತ್ತು, ಆವತ್ತು ಮಾತ್ರವಲ್ಲ, ದಪ್ಪ ಮೈಯವರು ಬಂದಾಗಲೆಲ್ಲ ಬೀಳುತ್ತಿತ್ತು. ನಾನು ಅವರಿಗೆ, ಹೊಸ ಜಾಗ, ಹಾಗನ್ನಿಸುತ್ತದೆ, ಮಾಮೂಲಾಗಿ ನಡೆಯಿರಿ ಎಂದೆ. ಲೆಕ್ಕ ಬಂತು: ನಾಲ್ಕು ದಶಾಂಶ ಆರು. ಮಿತಿ ದಾಟಿತ್ತು. ಸಂಖ್ಯೆಯನ್ನು ಪರೀಕ್ಷೆಗೆ ಬಂದವರಿಗೆ ನಾವು ಹೇಳುವಂತಿಲ್ಲ; ಅವರು ನನ್ನ ಮುಖದಲ್ಲೇ ಓದಿಕೊಂಡರು. ಚಪ್ಪಲಿ ಹಾಕಿಕೊಳ್ಳುತ್ತಾ, ತಮ್ಮ ಡಿಪೋದಿಂದ ಹೋದ ವರ್ಷ ಇನ್ನೊಬ್ಬಾಕೆ ಇಲ್ಲಿಗೆ ಬಂದಿದ್ದಳು, ತಮ್ಮಷ್ಟೇ ಮೈ, ತಮಗಿಂತ ಚುರುಕು, ಹೀಗೇ ಪಟ್ಟಿ ಕಟ್ಟಿಸಿಕೊಂಡು ನಡೆದು ಕೆಲಸ ಕಳೆದುಕೊಂಡು ಮನೆಗೆ ಹೋದಳು ಎಂದರು. ಬೈಗುಳವೇನೂ ಇರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಒಬ್ಬ ಗಿರಾಕಿ ಅಂಗಿಗೆ ಅಳತೆ ಕೊಡುತ್ತಿದ್ದರು. ಹೊಟ್ಟೆ ಒಳಕ್ಕೆ ಎಳೆದು ನಿಂತು, ಟೇಪು ಇನ್ನೂ ಸ್ವಲ್ಪ ಬಿಗಿ ಹಿಡಿಯಿರಿ ಎನ್ನುತ್ತಿದ್ದರು. ನನ್ನ ಗಂಡ ಬಿಗಿ ಹಿಡಿದು, ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಅವರು ಹೋದ ಮೇಲೆ ಅದಕ್ಕೆ ಮೂರು ಬೆರಳು ಸೇರಿಸಿ ಬರೆದುಕೊಂಡರು. ಯಾಕೆ ಎಂದು ನಾನು ಕೇಳುವ ಮೊದಲೇ ಹೇಳಿದರು:

‘ಬಿಗಿ ಹಿಡಿದ್ರೆ ಅವರಿಗೆ ಖುಷಿ. ಆದ್ರೆ ಅಂಗಿ ಹಾಕ್ಕೊಳ್ಳೋದು ಟೇಪಲ್ಲವಲ್ಲ, ಹೊಟ್ಟೆ.’

ಬಾಗಿಲಲ್ಲಿ ನಿಂತೇ ಕೇಳಿದೆ, ಆ ತೊಡೆಯ ಪಟ್ಟಿ ಹೊಲಿಯುವಾಗ ಏನೂ ಅನ್ನಿಸಲಿಲ್ಲವೇ ಎಂದು.

‘ಏನನ್ನಿಸಬೇಕು? ಗಟ್ಟಿಯಾಗಿ ಕಟ್ಟೋಕೆ ಬೇಕು ಅಂದೆ, ಹೊಲ್ದುಕೊಟ್ಟೆ. ಅಳೆಯೋಕೆ ಅಂತ ಹೇಳಿದ್ರೆ ಬೇಡ ಅಂತಿದ್ದೆ.’

‘ಅಳೆಯೋಕೆ ಅಂತ ಹೇಳ್ಲಿಲ್ವಾ ನಾನು?’

‘ಕಟ್ಟೋಕೆ ಅಂದೆ ಕಣೇ.’

ಅತ್ತೆ ಒಳಗಿನಿಂದ, ಅವಳು ಹಾಗೇ ಅಂದದ್ದು, ನಾನೂ ಕೇಳಿಸಿಕೊಂಡಿದ್ದೇನೆ ಎಂದು ಸಾಕ್ಷಿ ಹೇಳಿದರು. ನಮ್ಮ ಮನೆಯಲ್ಲಿ ನನ್ನ ವಿರುದ್ಧ ಸಾಕ್ಷಿಗೆ ಯಾವತ್ತೂ ಕೊರತೆಯಾಗಿಲ್ಲ.

ಮಾರನೆಯ ದಿನ ಪಾರ್ಸಲಮ್ಮನಿಗೆ ಫೋನು ಮಾಡಿದೆ. ಶನಿವಾರ ಬೆಳಿಗ್ಗೆ ಹಾಲ್ ಖಾಲಿ ಇರುತ್ತದೆ, ಕೀಲಿಕೈ ನನ್ನ ಹತ್ತಿರವೇ ಇರುತ್ತದೆ. ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಿರಲಿಲ್ಲ ಎಂದಲ್ಲ. ಕೇಳುವಷ್ಟರಲ್ಲಿ ನನ್ನ ಧೈರ್ಯವೇ ಇಳಿದುಹೋಗುತ್ತಿತ್ತು. ಹೀಗೆ ಮತ್ತೊಮ್ಮೆ ಅಳೆಯುವುದು ನನ್ನ ಸ್ವಂತ ತೀರ್ಮಾನ, ಇದರಿಂದ ಏನೂ ಆಗದೇ ಹೋಗಬಹುದು, ಕೆಟ್ಟದ್ದೂ ಆಗಬಹುದು ಎಂದು ಅವರಿಗೆ ಮೊದಲೇ ಹೇಳಿದೆ. ಅವರು ಎರಡನೆಯ ಮಾತಾಡದೆ ಬಂದರು.

ಮೊದಲು ಕಾಲಿನ ತೂಕ. ನಮ್ಮ ಲೆಕ್ಕಕ್ಕೆ ತೊಡೆ ಎಷ್ಟು ತೂಗುತ್ತದೆ, ಮೀನಖಂಡ ಎಷ್ಟು ತೂಗುತ್ತದೆ ಎಂದು ಗೊತ್ತಿರಬೇಕು. ಜೀವಂತ ಮನುಷ್ಯನ ತೊಡೆಯನ್ನು ಬಿಚ್ಚಿ ತಕ್ಕಡಿಗೆ ಹಾಕಲಾಗದು. ಹಾಗಾಗಿ ಎಲ್ಲರೂ ಒಂದು ಕೋಷ್ಟಕ ನೋಡುತ್ತಾರೆ: ಮೈತೂಕದಲ್ಲಿ ಇಷ್ಟು ಪಾಲು ತೊಡೆ, ಇಷ್ಟು ಪಾಲು ಕಾಲು. ನಮ್ಮ ಕೋಷ್ಟಕ ಎಂದೋ ತೀರಿಕೊಂಡ ಕೆಲವೇ ಕೆಲವು ಸಣಕಲು ಗಂಡಸರ ದೇಹಗಳಿಂದ ಬಂದದ್ದು ಎಂದು ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ಆಗ ಬರೆದುಕೊಂಡಿದ್ದೆ, ಯೋಚಿಸಿರಲಿಲ್ಲ. ಅದರ ಪ್ರಕಾರ ಪಾರ್ಸಲಮ್ಮನ ಒಂದು ತೊಡೆ ಒಂಬತ್ತೂವರೆ ಕಿಲೋ.

ಹಾಲ್‌ನ ಹಿಂದೆ ಕೈತೊಳೆಯುವ ಜಾಗದಲ್ಲಿ ಒಂದು ಎತ್ತರದ ಡ್ರಮ್ ಇತ್ತು. ಅದರ ಅಂಚಿಗೆ ಹತ್ತಿರ ಒಂದು ತೂತು ಮಾಡಿಸಿ ನಳಿಕೆ ಸಿಕ್ಕಿಸಿದ್ದೆ. ತೂತಿನವರೆಗೆ ಉಗುರುಬೆಚ್ಚಗಿನ ನೀರು ತುಂಬಿಸಿ, ಹರಿಯುವುದು ನಿಲ್ಲುವವರೆಗೆ ಕಾದೆ. ಅವರ ಕಾಲಿನ ಮೇಲೆ ಹುಬ್ಬಿನ ಪೆನ್ಸಿಲಿನಿಂದ ನಾಲ್ಕು ನಾಲ್ಕು ಬೆರಳಿಗೆ ಒಂದರಂತೆ ಗೆರೆ ಎಳೆದೆ. ಸ್ಟೂಲಿನ ಮೇಲೆ ನಿಂತು, ಗೋಡೆ ಹಿಡಿದು, ಒಂದೊಂದೇ ಗೆರೆಯವರೆಗೆ ಕಾಲನ್ನು ನೀರಿಗೆ ಇಳಿಸಬೇಕು. ಹೊರಚೆಲ್ಲಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನಾನು ತೂಗಬೇಕು. ಎಷ್ಟು ಜಾಗ ಹಿಡಿಯಿತು ಎಂದು ಗೊತ್ತಾದರೆ ಎಷ್ಟು ತೂಗುತ್ತದೆ ಎಂದು ಹೆಚ್ಚುಕಡಿಮೆ ಹೇಳಬಹುದು.

‘ಅಲುಗಾಡಬೇಡಿ ಅಕ್ಕ, ಹನಿ ನಿಲ್ಲಲಿ.’

‘ನಾನು ಅಲುಗಾಡ್ತಿಲ್ಲ, ನಗ್ತಿದೀನಿ. ತಂಗೀ, ನನ್ನ ಗಂಡ ಹೋಗಿ ಹದಿನೈದು ವರ್ಷ ಆಯ್ತು. ನನ್ನ ಕಾಲಿಗೆ ಇಷ್ಟು ಮರ್ಯಾದೆ ಕೊಟ್ಟೋರು ನೀವೊಬ್ಬರೇ.’

ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ನಗು ನಿಲ್ಲುವವರೆಗೆ ಆ ಗೆರೆಯನ್ನು ಮೂರು ಸಲ ಮಾಡಬೇಕಾಯಿತು.

ಎಲ್ಲ ಗೆರೆಗಳ ನೀರನ್ನು ಕೂಡಿ ನೋಡಿದೆ. ತೊಡೆ ಹನ್ನೆರಡು ಮುಕ್ಕಾಲು ಕಿಲೋ. ಕೋಷ್ಟಕಕ್ಕಿಂತ ಮೂರು ಕಿಲೋಗೂ ಹೆಚ್ಚು. ಆ ತೂಕವನ್ನು ಹಳೆಯ ಲೆಕ್ಕಕ್ಕೆ ಹಾಕಿದೆ. ಮಂಡಿಯ ಭಾರ ನಾಲ್ಕು ದಶಾಂಶ ಆರರಿಂದ ಐದು ದಶಾಂಶ ಒಂದಕ್ಕೆ ಏರಿತು. ಉಪಕಾರ ಮಾಡಲು ಹೋಗಿ ಅವರನ್ನು ಇನ್ನೂ ಆಳಕ್ಕೆ ತಳ್ಳಿದ್ದೆ. ಆ ಹಾಳೆಯನ್ನು ಹರಿಯಬೇಕೆಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಹರಿಯಲಿಲ್ಲ. ಅವರಿಗೆ ಹಾಗೇ ತೋರಿಸಿದೆ. ಅವರು ಟವಲಿನಿಂದ ಕಾಲು ಒರೆಸಿಕೊಳ್ಳುತ್ತಾ, ‘ಇನ್ನೂ ನಡೆದೇ ಇಲ್ಲವಲ್ಲ ನಾನು’ ಎಂದರು.

ಪಟ್ಟಿಯನ್ನು ಕಟ್ಟಲಿಲ್ಲ. ತೊಡೆಯ ಮೇಲೆ ಐದು ಮಣಿ ಅಂಟಿಸುವ ಕಡೆ ಮೂವತ್ತು ಅಂಟಿಸಿದೆ, ಸಾಲುಸಾಲಾಗಿ. ಗೆರೆ ಸೋಸುವ ಜರಡಿಯನ್ನೂ ನಿಲ್ಲಿಸಿದೆ. ಪಾರ್ಸಲಮ್ಮ ನಡೆದರು. ಹಲಗೆ ಠಪ್ ಅನ್ನಲಿಲ್ಲ.

ಆಮೇಲೆ ಪರದೆಯ ಮೇಲೆ ಅದನ್ನು ನಿಧಾನಗತಿಯಲ್ಲಿ ಓಡಿಸಿ ಇಬ್ಬರೂ ನೋಡಿದೆವು. ಹಿಮ್ಮಡಿ ತಾಗಿತು. ಮಂಡಿಯ ಎರಡು ಮಣಿಗಳು ಥಟ್ಟನೆ ನಿಂತವು. ತೊಡೆಯ ಮೂವತ್ತು ಮಣಿಗಳು ಇನ್ನೂ ಕೆಳಕ್ಕೆ ಹೋಗುತ್ತಲೇ ಇದ್ದವು. ಒಂದು ಬೆರಳಗಲ ಇಳಿದು, ಸಾಲಿನ ಹಿಂದೆ ಸಾಲು ನಿಂತು, ವಾಪಸು ಮೇಲೇರಿದವು. ಬಸ್ಸು ಬ್ರೇಕು ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲಿ ಹಿಂದಕ್ಕೆ ಬರುವ ಹಾಗೆ. ಪುಸ್ತಕದ ಲೆಕ್ಕದಲ್ಲಿ ತೊಡೆ ಒಂದು ಮರದ ದಿಮ್ಮಿ; ನಿಂತರೆ ಇಡಿಯಾಗಿ ನಿಲ್ಲುತ್ತದೆ, ಅಷ್ಟೂ ಏಟು ಒಮ್ಮೆಗೇ ಮಂಡಿಗೆ. ಇಲ್ಲಿ ಮೂಳೆ ಮೊದಲು ನಿಲ್ಲುತ್ತಿತ್ತು, ಮಾಂಸ ತಡವಾಗಿ, ಪಾಲು ಪಾಲಾಗಿ ಬರುತ್ತಿತ್ತು. ಏಟು ಹಂಚಿಹೋಗುತ್ತಿತ್ತು. ನನ್ನ ಪಟ್ಟಿ ಮಾಡಿದ್ದೇನೆಂದರೆ, ಮಾಂಸವನ್ನು ಮೂಳೆಗೆ ಬಿಗಿದು, ಅವರನ್ನು ನಿಜವಾಗಿಯೂ ದಿಮ್ಮಿಯಾಗಿಸಿದ್ದು. ಮೊದಲು ದಿಮ್ಮಿ ಮಾಡಿ, ಆಮೇಲೆ ದಿಮ್ಮಿಯ ಲೆಕ್ಕ ಹಾಕಿ, ಎರಡೂ ತಾಳೆಯಾಗುತ್ತವೆ ಎಂದು ಐದು ವರ್ಷ ಹಿಗ್ಗಿದ್ದೆ.

‘ಇದೇನಾ ನೀವು ತೆಗೆದುಹಾಕೋ ಗಲಾಟೆ?’ ಎಂದು ಪಾರ್ಸಲಮ್ಮ ಕೇಳಿದರು.

ಹೌದು ಎಂದೆ.

‘ಇಪ್ಪತ್ತೆರಡು ವರ್ಷ ಪೊಟ್ಟಣ ಹೊತ್ತಿದೀನಿ, ಇದನ್ನ ನೋಡಿ ನಕ್ಕಿದಾರೆ ಜನ. ಮೆಟ್ಟಿಲ ಕೆಳಗೆ ನಿಂತ್ಕೊಂಡು ನಕ್ಕಿದಾರೆ. ಇದೇ ನನ್ನ ಮಂಡಿ ಕಾಯ್ತಿತ್ತು ಅನ್ನಿ.’

ಅಷ್ಟು ಖಚಿತವಾಗಿ ಹೇಳಲು ನನಗೆ ಬರುವುದಿಲ್ಲ ಎಂದೆ. ಅವರು, ಬರದಿದ್ದರೆ ಕಲಿತುಕೊಳ್ಳಿ ಎಂದರು.

ಆ ವಾರವಿಡೀ ಲೆಕ್ಕ ಹಾಕಿದೆ. ತೊಡೆಯನ್ನು ಎರಡು ಮಾಡಿ, ಮೂಳೆ ಒಂದು ತೂಕ, ಮಾಂಸ ಒಂದು ತೂಕ, ನಡುವೆ ಒಂದು ಸ್ಪ್ರಿಂಗ್ ಎಂದು ಇಟ್ಟುಕೊಳ್ಳುವ ಕ್ರಮವನ್ನು ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೂಲೆಯಲ್ಲಿ ಒಮ್ಮೆ ಬರೆದಿದ್ದರು. ಒಟ್ಟು ತೂಕವನ್ನು ನೀರು ಹೇಳಿತ್ತು. ಅದರಲ್ಲಿ ಮೂಳೆಯೊಂದಿಗೆ ನಿಲ್ಲುವುದೆಷ್ಟು, ತಡವಾಗಿ ಬರುವುದೆಷ್ಟು ಎಂದು ನೀರು ಹೇಳುವುದಿಲ್ಲ. ಹಾಗಾಗಿ ಹನ್ನೊಂದು ಬೇರೆ ಬೇರೆ ಊಹೆ ಇಟ್ಟು ಹನ್ನೊಂದು ಸಲ ಮಾಡಿದೆ. ಕನಿಷ್ಠ ಮೂರು ದಶಾಂಶ ಐದು ಬಂತು, ಗರಿಷ್ಠ ಮೂರು ದಶಾಂಶ ಒಂಬತ್ತು. ಒಂದೂ ನಾಲ್ಕು ದಾಟಲಿಲ್ಲ. ತಪ್ಪಿರಬೇಕೆಂದು ಮತ್ತೆ ಮಾಡಿದೆ. ನನ್ನ ಲೆಕ್ಕದ ಮೇಲೆ ನನಗೆ ನಂಬಿಕೆ ಯಾವಾಗಲೂ ಕಡಿಮೆ. ಅದಕ್ಕೆ ಕೊನೆಗೆ ಲೆಕ್ಕವೇ ಬೇಡದ ಒಂದು ವಿಷಯ ಹಿಡಿದುಕೊಂಡೆ. ಉಕ್ಕಿನ ಹಲಗೆಗೆ ಕೋಷ್ಟಕವೂ ಗೊತ್ತಿಲ್ಲ, ಸ್ಪ್ರಿಂಗೂ ಗೊತ್ತಿಲ್ಲ. ಪಟ್ಟಿ ಕಟ್ಟಿದಾಗ ಹಿಮ್ಮಡಿಯ ಮೊದಲ ಏಟು ಎಷ್ಟು, ಬಿಚ್ಚಿದಾಗ ಎಷ್ಟು ಎಂದು ಅದು ನೇರವಾಗಿ ಹೇಳಿತ್ತು. ಅದೇ ಹೆಂಗಸು, ಅದೇ ಹಾದಿ, ಅದೇ ವೇಗ. ಪಟ್ಟಿಯಿದ್ದಾಗ ಏಟು ಕಾಲು ಪಾಲಿನಷ್ಟು ಹೆಚ್ಚು.

ದಶಾಂಶ ಸರ್ ಹಾಳೆಗಳನ್ನೆಲ್ಲ ತಾಳ್ಮೆಯಿಂದ ನೋಡಿದರು. ಕೀಲಿಕೈಯ ವಿಷಯ ಎತ್ತಲಿಲ್ಲ. ಅವರು ಕೆಟ್ಟವರಲ್ಲ, ಅದನ್ನೂ ಬರೆಯಬೇಕು. ಎದ್ದುಹೋಗಿ ಪ್ಯಾಂಟು ಬದಲಿಸಿ ಚಡ್ಡಿಯಲ್ಲಿ ಬಂದರು. ತಮ್ಮದೇ ತೊಡೆಗೆ ಪಟ್ಟಿ ಕಟ್ಟಿಸಿಕೊಂಡು ನಡೆದರು, ಬಿಚ್ಚಿ ನಡೆದರು. ಎರಡೂ ಗೆರೆ ಒಂದರ ಮೇಲೊಂದು ಕೂತವು. ಅವರದು ಐವತ್ತೆಂಟು ಕಿಲೋ ಮೈ. ಗಲಾಟೆ ಮಾಡಲು ಅಲ್ಲಿ ಏನೂ ಇರಲಿಲ್ಲ.

‘ನೋಡಿದ್ರಾ, ವ್ಯತ್ಯಾಸವೇ ಇಲ್ಲ’ ಎಂದರು.

‘ಸರ್, ಕಂಪನಿ ಕೆಲಸದಿಂದ ತೆಗೀತಿರೋದು ನಿಮ್ಮನ್ನಲ್ಲ.’

ಇದು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಅವರು ತಮ್ಮ ತೊಡೆಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಮೆಲ್ಲಗೆ, ಐದು ವರ್ಷದಲ್ಲಿ ಈ ಪಟ್ಟಿ ಕಟ್ಟಿ ಎಷ್ಟು ಜನರನ್ನು ಅಳೆದಿದ್ದೇವೆ ಗೊತ್ತೇ ಎಂದು ಕೇಳಿದರು. ಗೊತ್ತಿತ್ತು. ನೂರ ನಲವತ್ತಮೂರು. ಅದರಲ್ಲಿ ಐವತ್ತೆಂಟು ಜನರ ಹಾಳೆ ‘ಮಿತಿ ಮೀರಿದೆ’ ಎಂದು ಹೋಗಿತ್ತು. ಪ್ರತಿ ಹಾಳೆಯಲ್ಲೂ ‘ಅಳತೆ ಮಾಡಿದವರು’ ಎಂಬ ಗೆರೆಯ ಮೇಲೆ ನನ್ನ ರುಜು.

‘ಗಲಾಟೆ ತೆಗೆಯೋದಷ್ಟೇ ನಿಮ್ಮ ಕೆಲಸ ಆಗಿತ್ತಮ್ಮಾ.’

‘ಅದು ಗಲಾಟೆ ಅಲ್ಲ ಸರ್. ಅದು ಅವರ ತೊಡೆ.’

ಅವರು ಒಂದು ದಾರಿ ತೋರಿಸಿದರು. ಪಾರ್ಸಲಮ್ಮನ ಮಟ್ಟಿಗೆ ‘ಮಿತಿಯೊಳಗಿದೆ’ ಎಂದು ತಾವೇ ಬರೆಯುತ್ತಾರೆ. ಪಟ್ಟಿಯ ಮಾತು ಹಾಳೆಗೆ ಬರುವುದು ಬೇಡ. ಬಂದರೆ ಜನ ನಗುವುದು ಸರ್ ಅವರನ್ನು ಕಂಡಷ್ಟೇ ಅಲ್ಲ, ಮೊದಲು ನನ್ನನ್ನು ಕಂಡು, ಏಕೆಂದರೆ ಚಿತ್ರದ ಕೆಳಗೆ ಅದು ಯಾರ ಕೈಕೆಲಸ ಎಂದು ಅಚ್ಚಾಗಿದೆ. ನನಗೆ ಆ ದಾರಿ ಇಷ್ಟವಾಯಿತು. ಮುಚ್ಚಿಡುವುದಿಲ್ಲ, ಬಹಳ ಇಷ್ಟವಾಯಿತು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಪಾರ್ಸಲಮ್ಮನಿಗೆ ಫೋನು ಮಾಡಿ, ಶುಭಸುದ್ದಿ ಎಂಬ ಧಾಟಿಯಲ್ಲೇ ಹೇಳಿದೆ.

ಆ ಕಡೆ ಗಾಡಿಯ ಸದ್ದು, ಯಾರದೋ ಮನೆಯ ಗಂಟೆ. ಆಮೇಲೆ ಅವರ ದನಿ.

‘ಮುಂದಿನ ವರ್ಷ ಮತ್ತೆ ಕಳಿಸ್ತಾರಲ್ಲ ತಂಗಿ. ಆಗ್ಲೂ ಆ ಪಟ್ಟಿ ಇರುತ್ತೆ, ನೀವು ಇರ್ತೀರೋ ಇಲ್ವೋ. ದಯದಿಂದ ಒಂದು ವರ್ಷ ನಡೀಬಹುದು, ಅಷ್ಟೆ.’ ಮತ್ತೆ ಕೇಳಿದರು, ‘ನಮ್ಮ ಡಿಪೋದವಳಿಗೆ ನಾನೇನು ಹೇಳ್ಲಿ? ನಿನ್ನ ಕಾಲು ಕೆಟ್ಟಿತ್ತು, ನನ್ನದು ಒಳ್ಳೇದು ಅಂತಲಾ?’

ಡಬ್ಬಿ ಬಿಚ್ಚದೆ ಒಳಗೆ ಹೋದೆ. ಸರ್ ಬರೆದಿಟ್ಟ ಹಾಳೆ ಮೇಜಿನ ಮೇಲಿತ್ತು. ಇಬ್ಬರ ರುಜು ಇಲ್ಲದಿದ್ದರೆ ಕಂಪನಿ ಹಾಳೆಯನ್ನು ತೆಗೆದುಕೊಳ್ಳುವುದಿಲ್ಲ. ನಾನು ಅದಕ್ಕೆ ರುಜು ಹಾಕಲಿಲ್ಲ. ಬೇರೊಂದು ಹಾಳೆ ತೆಗೆದು ಎರಡು ಸಾಲು ಬರೆದೆ: ಪಟ್ಟಿ ಕಟ್ಟಿದಾಗ ಇಷ್ಟು, ಕಟ್ಟದಿದ್ದಾಗ ಇಷ್ಟರಿಂದ ಇಷ್ಟರವರೆಗೆ. ಕೆಳಗೆ ನನ್ನ ಕೈಬರಹದಲ್ಲಿ ಸೇರಿಸಿದೆ: ಪಟ್ಟಿ ನನ್ನ ಉಪಾಯ. ಅದು ದಪ್ಪ ಕಾಲಿನವರ ಹೆಜ್ಜೆಯನ್ನು ಬದಲಿಸುತ್ತದೆ. ಇದಕ್ಕೆ ಮೊದಲು ಅದನ್ನು ಕಟ್ಟಿ ಅಳೆದ ಸಂಖ್ಯೆಗಳನ್ನು ನಂಬಬಾರದು. ಇದಕ್ಕಾದರೆ ರುಜು ಹಾಕುತ್ತೇನೆ, ಅದಕ್ಕಿಲ್ಲ ಎಂದು ಸರ್ ಮುಂದಿಟ್ಟೆ. ಅವರು ಎರಡು ದಿನ ಅದನ್ನು ಮುಟ್ಟಲಿಲ್ಲ.

ಮೂರನೆಯ ದಿನ ಕಂಪನಿಯ ಆರೋಗ್ಯ ಅಧಿಕಾರಿ ಬಂದರು. ಚುರುಕಿನ ಹೆಂಗಸು, ಕೈಗಡಿಯಾರ ನೋಡುತ್ತಲೇ ಕೂತರು. ಪಾರ್ಸಲಮ್ಮನನ್ನೂ ಕರೆಸಲಾಗಿತ್ತು, ಸಮವಸ್ತ್ರದಲ್ಲೇ ಬಂದಿದ್ದರು, ಕೆಳಗೆ ಗಾಡಿ ನಿಲ್ಲಿಸಿದ್ದೇನೆ, ಬೇಗ ಮುಗಿಸಿ ಎಂಬ ಹಾಗೆ. ಸರ್ ಮೇಜಿನ ಮೇಲೆ ಎರಡು ಹಾಳೆಗಳನ್ನೂ ಇಟ್ಟರು. ಇಡದೇ ಇರಬಹುದಿತ್ತು. ಯಾಕೆ ಇಟ್ಟರು ಎಂದು ಅವರು ಇವತ್ತಿನವರೆಗೂ ಹೇಳಿಲ್ಲ.

ಅಧಿಕಾರಿ ಓದಿ, ಹಣೆ ಗಂಟಿಕ್ಕಿ, ಒಂದೇ ಕಾಲಿಗೆ ಎರಡು ಸಂಖ್ಯೆ ಹೇಗೆ, ಯಾವುದೋ ಒಂದನ್ನು ಹೇಳಿ ಎಂದರು. ಸರ್ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಸಂಜೆ ತರಗತಿಯಲ್ಲಿ ಉತ್ತರ ಹೇಳುವಾಗ ಎದ್ದು ನಿಲ್ಲುವ ಅಭ್ಯಾಸ, ಅಷ್ಟೇ.

‘ಪಟ್ಟಿ ಇಲ್ಲದ್ದು. ಅವರು ಪಟ್ಟಿ ಕಟ್ಕೊಂಡು ಯಾರ ಮನೆ ಮೆಟ್ಟಿಲೂ ಹತ್ತಲ್ಲ.’

ಹಿಂದಿನ ಹಾಳೆಗಳೆಲ್ಲ ತಪ್ಪು ಎನ್ನುತ್ತೀರಾ ಎಂದು ಕೇಳಿದರು. ತಪ್ಪಿರಬಹುದು, ಎಷ್ಟೆಂದು ಗೊತ್ತಿಲ್ಲ ಎಂದೆ. ನೀವು ಇಂಜಿನಿಯರಾ ಎಂದು ಕೇಳಿದರು. ಅಲ್ಲ, ಅಂಟಿಸುವವಳು ಎಂದೆ. ಹಾಗಾದರೆ ನಿಮ್ಮ ಮಾತು ಯಾಕೆ ಕೇಳಬೇಕು ಎಂದು ಅವರು ಕೇಳಲಿಲ್ಲ, ಆದರೆ ಸರ್ ಕಡೆ ತಿರುಗಿದರು. ಆಗ ದಶಾಂಶ ಸರ್ ಜೇಬಿನಿಂದ ಪೆನ್ನು ತೆಗೆದು, ನನ್ನ ಹಾಳೆಯನ್ನು ಹತ್ತಿರಕ್ಕೆಳೆದು, ‘ಪರಿಶೀಲಿಸಿದವರು’ ಎಂಬ ಗೆರೆಯ ಮೇಲೆ ರುಜು ಹಾಕಿದರು. ಅದರ ಕೆಳಗೆ ನಾನು ಹಾಕಿದೆ. ಕತೆಯ ಶುರುವಿನಲ್ಲಿ ನಾನು ಹೇಳಿದ್ದು ಈ ರುಜುವನ್ನೇ.

ಪಾರ್ಸಲಮ್ಮ ಬೀದಿ ಕೆಲಸದಲ್ಲೇ ಉಳಿದರು. ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಬರಬೇಕೆಂದು ಕಂಪನಿ ಬರೆದಿದೆ. ಬರುತ್ತೇನೆ, ನೀರು ಬೆಚ್ಚಗಿರಲಿ ಎಂದು ಅವರು ಹೇಳಿ ಕಳಿಸಿದ್ದಾರೆ. ನಾನು ಗೋಡೆಯಿಂದ ಆ ಪುಟ ಕಿತ್ತೆ. ಯಾಕೆ ಕಿತ್ತೆ ಎಂದು ಅತ್ತೆ ಗದರಿದರು. ತಪ್ಪಾದರೂ ಅಚ್ಚಾದದ್ದು ಅಚ್ಚಾದದ್ದೇ ಎಂಬುದು ಅವರ ವಾದ.

ಉಳಿದ ಐವತ್ತೆಂಟು ಜನರ ವಿಷಯ ಹೇಳಬೇಕು. ಹಳೆಯ ಕಡತಗಳನ್ನು ತೆರೆದು ಲೆಕ್ಕ ಬದಲಿಸಿದರೆ ಸಾಕು ಎಂದುಕೊಂಡಿದ್ದೆ. ಆಗುವುದಿಲ್ಲ. ಪಟ್ಟಿ ಕಟ್ಟಿದ ಹೆಜ್ಜೆ ಮಾತ್ರ ಅಲ್ಲಿದೆ, ಅದೂ ಸೋಸಿದ್ದು; ಸೋಸುವ ಮೊದಲಿನದನ್ನು ಜಾಗ ಉಳಿಸಲು ಪ್ರತಿ ಶುಕ್ರವಾರ ನಾನೇ ಅಳಿಸಿದ್ದೆ. ಐವತ್ತೆಂಟು ವಿಳಾಸಕ್ಕೂ ಪತ್ರ ಬರೆದೆ. ಶನಿವಾರ ಬೆಳಿಗ್ಗೆ ಹಾಲ್ ಬಳಸಿಕೊಳ್ಳಬಹುದು ಎಂದು ಸರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಹದಿನೇಳು ಪತ್ರ ವಾಪಸು ಬಂದವು. ಹನ್ನೊಂದು ಜನ ಬಂದರು, ಪಾರ್ಸಲಮ್ಮನ ಡಿಪೋದಾಕೆಯೂ ಬಂದರು. ನೀರಿಗಿಳಿದರು, ಪಟ್ಟಿಯಿಲ್ಲದೆ ನಡೆದರು. ಐವರದು ನಾಲ್ಕರೊಳಗೆ ಬಂತು, ಆರು ಜನರದು ಬರಲಿಲ್ಲ. ಡಿಪೋದಾಕೆಯದು ನಾಲ್ಕು ದಶಾಂಶ ಸೊನ್ನೆ ಎರಡು. ನನ್ನ ಊಹೆಯಲ್ಲಿ ಮಾಂಸದ ಪಾಲು ತುಸು ಹೆಚ್ಚಿಸಿದರೆ ಅದು ಒಳಗೆ ಬರುತ್ತದೆ, ತುಸು ಕಡಿಮೆ ಮಾಡಿದರೆ ಹೊರಗೆ ಹೋಗುತ್ತದೆ. ಹಾಗೆಂದೇ ಬರೆದು ರುಜು ಹಾಕಿದೆ. ಹನ್ನೊಂದು ಹಾಳೆಗಳಿಗೂ ಕಂಪನಿ ಇನ್ನೂ ಉತ್ತರ ಕೊಟ್ಟಿಲ್ಲ.

ಒಂದು ತೊಡೆಯಲ್ಲಿ ಮೂಳೆಯೊಂದಿಗೆ ನಿಲ್ಲುವುದೆಷ್ಟು, ತಡವಾಗಿ ಬರುವುದೆಷ್ಟು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಬಾರದೇ ಉಳಿದ ನಲವತ್ತೇಳು ಜನರಲ್ಲಿ ಎಷ್ಟು ಮಂದಿಯ ಕಾಲು ಸರಿಯಿತ್ತು ಎಂಬುದೂ ಗೊತ್ತಿಲ್ಲ.